ವಿದ್ಯುತ್ತಿನ ಪಾಠವೂ ಎರಡು ಬಲ್ಬುಗಳೂ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಆ ಭಾಗ್ಯವೊದಗಿದುದು 1905ರಲ್ಲಿ. ಈ ವಿಷಯದಲ್ಲಿ ಬೆಂಗಳೂರಿಗೂ ಹಿರಿಯದಾದ ಜಿಲ್ಲೆಯಲ್ಲಿ, ಮುಳಬಾಗಿಲು ತಾಲ್ಲೂಕಿನ ಬೈರಕೂರಿನಂಥ ಹೋಬಳಿಯ ಹುಡುಗನು ವಿದ್ಯುತ್ತಿನ ಪಾಠವನ್ನು ಹೇಗೆ ಕಲಿಯಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವುದು ರೂಢಿಯ ಮಾರ್ಗ. ಹಾಗೆ ಕಲಿತವನನ್ನು, ಒಂದೇ ಬಗೆಯ ಎರಡು ಬಲ್ಬುಗಳನ್ನು ಒಂದರ ಹಿಂದೊಂದಾಗಿ ಸೆಲ್ಲಿಗೆ ಜೋಡಿಸಿದರೆ ಯಾವುದು ಹೆಚ್ಚು ಬೆಳಗುವುದೆಂದು ಕೇಳಿ ನೋಡಬೇಕು. ಮೊದಲನೆಯದು ಪ್ರವಾಹವನ್ನು ನುಂಗಿ, ಉಳಿದುದನ್ನು ಎರಡನೆಯದಕ್ಕೆ ಬಿಡುವುದೆಂಬ ಭ್ರಮೆಯು ದೇಶದೇಶಗಳ ವಿದ್ಯಾರ್ಥಿಗಳಲ್ಲಿ ಕಂಡುಬಂದಿದೆ. ಕಾಲೇಜು ಮುಟ್ಟಿದವರೂ ಇದಕ್ಕೆ ಹೊರತಲ್ಲ. ಸೂತ್ರವು ಈ ಭ್ರಮೆಯನ್ನು ತಾಕುವುದೇ ಇಲ್ಲ. ಹುಡುಗನು ಮೊದಲು ತನ್ನ ಊಹೆಯನ್ನು ಬರೆದಿಟ್ಟು, ಆಮೇಲೆ ತಾನೇ ತಂತಿಯನ್ನು ಜೋಡಿಸಿ ನೋಡಲಿ. ಎರಡೂ ಸಮನಾಗಿಯೇ ಬೆಳಗುವುವು. ಒಂದೇ ಬಲ್ಬಿದ್ದಾಗಿನ ಬೆಳಕು ಮಾತ್ರ ಎರಡಕ್ಕೂ ಇರದು. ಒಂದು ತುಸು ಹೆಚ್ಚು ಬೆಳಗಿತೆಂದರೆ ಇನ್ನೂ ಒಳ್ಳೆಯದಾಯಿತು: ಅವುಗಳ ಸ್ಥಾನವನ್ನು ಅದಲುಬದಲು ಮಾಡಲಿ. ಹೆಚ್ಚಿನ ಬೆಳಕು ಬಲ್ಬಿನೊಡನೆ ಹೋಯಿತೋ, ಸ್ಥಾನದಲ್ಲಿಯೇ ಉಳಿಯಿತೋ? ಈ ಪ್ರಶ್ನೆಯನ್ನು ತಾನಾಗಿ ಕೇಳಿದವನು ಭೌತಶಾಸ್ತ್ರದ ಹೊಸ್ತಿಲನ್ನು ದಾಟಿದನೆಂದೇ ನಮ್ಮ ಎಣಿಕೆ.

ಪ್ರಯೋಗಶಾಲೆಯಿಲ್ಲವೆಂಬ ಆಕ್ಷೇಪ ಇಲ್ಲಿ ನಿಲ್ಲಲಾರದು. ಬೇಕಾದುದು ಒಂದೆರಡು ಸೆಲ್ಲು, ಹಳೆಯ ಟಾರ್ಚಿನ ಬಗೆಯ ಎರಡು ಬಲ್ಬು, ಮೊಳದುದ್ದ ತಂತಿ. ಆದರೆ ಸಾಮಾನನ್ನು ಮಕ್ಕಳ ಮುಂದೆ ಸುರಿದು ಉಪಾಧ್ಯಾಯರು ಕುರ್ಚಿಯಲ್ಲಿ ಕುಳಿತರೆ ಅದು ಆಟವಾದೀತೇ ಹೊರತು ಅನ್ವೇಷಣೆಯಾಗದು. ಸಮಯವರಿತು ಪ್ರಶ್ನೆ ಹಾಕುವವರು ಬೇಕು. ಗಡಿಯಾಚೆ ಕುಪ್ಪಂ ಬಳಿ ನೆಲೆಗೊಂಡಿರುವ ಅಗಸ್ತ್ಯ ಸಂಸ್ಥೆಯು ಸಂಚಾರಿ ಪ್ರಯೋಗಶಾಲೆಗಳ ಮೂಲಕ ಹಳ್ಳಿಯ ಶಾಲೆಗಳಿಗೆ ಉಪಕರಣಗಳನ್ನು ಒಯ್ಯುತ್ತಿರುವುದು ಶ್ಲಾಘನೀಯವೇ ಸರಿ. ಬಂದು ಹೋಗುವ ವಾಹನವು ನಿತ್ಯದ ಪಾಠಕ್ಕೆ ಬದಲಾಗಲಾರದಷ್ಟೆ.

ಮುಖ್ಯವಾದ ತೊಡಕು ಬೇರೆಡೆ ಇದೆ. ಎಸ್.ಎಸ್.ಎಲ್.ಸಿ. ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕಗಳು, ಆಂತರಿಕ ಮೌಲ್ಯಮಾಪನಕ್ಕೆ 20. ನೆನಪಿಗೆ ಇಷ್ಟು ಬೆಲೆ ದೊರೆಯುವ ಪತ್ರಿಕೆಗೆ ಹುಡುಗರನ್ನು ಅಣಿಗೊಳಿಸಬೇಕಾದ ಉಪಾಧ್ಯಾಯರು ಬಲ್ಬಿಗಾಗಿ ಎರಡು ಅವಧಿಗಳನ್ನು ವ್ಯಯಮಾಡಿದರೆ ಪೋಷಕರೂ ತನಿಖಾಧಿಕಾರಿಗಳೂ ಕಾರಣ ಕೇಳುವರು. ಉಪಾಧ್ಯಾಯರನ್ನು ದೂರುವುದು ನ್ಯಾಯವಲ್ಲ. ಪರೀಕ್ಷಾ ಮಂಡಲಿಯವರು ಇಂಥ ಪ್ರಯೋಗವೊಂದರ ಅಳತೆಗಳ ಪಟ್ಟಿಯನ್ನು ಕೊಟ್ಟು, ಇದರಿಂದ ಏನು ಸಿದ್ಧವಾಗುವುದು, ಏನು ಸಿದ್ಧವಾಗದು ಎಂದು ವರ್ಷವರ್ಷವೂ ಕೇಳುವಂತಾಗಲಿ. ಆಗ ಬೈರಕೂರಿನಲ್ಲಿ ಬಲ್ಬುಗಳು ಸುತ್ತೋಲೆಯಿಲ್ಲದೆಯೇ ತರಗತಿಯೊಳಕ್ಕೆ ಬರುವುವು.