ಕಾಲೇಜಿನ ಅಂಗಳದಲ್ಲಿ ಮತಪೆಟ್ಟಿಗೆ

ಹೊಸೂರು ಹೆದ್ದಾರಿಯ ಮಗ್ಗುಲಲ್ಲಿರುವ ಸಿಂಗಸಂದ್ರವನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ಒಂದು ಕಾಲಕ್ಕೆ ಬೇಗೂರಿನ ನೆರೆಯ ಹಳ್ಳಿಯಾಗಿದ್ದ ಆ ಊರು ಇಂದು ಎಲೆಕ್ಟ್ರಾನಿಕ್ ಸಿಟಿಯ ಹೊಸ್ತಿಲಾಗಿದೆ. 2025ರ ಆಗಸ್ಟ್ ತಿಂಗಳಿಂದ ಮೆಟ್ರೋ ರೈಲಿನ ಹಳದಿ ಮಾರ್ಗವೂ ಅದನ್ನು ಹಾದುಹೋಗುತ್ತಿದೆ. ಬೆಳಗಿನ ಹೊತ್ತು ಅಲ್ಲಿ ನಿಂತು ನೋಡಿದರೆ, ಉದ್ಯೋಗಕ್ಕೆ ಹೊರಟವರ ನಡುವೆ ಪುಸ್ತಕದ ಚೀಲ ಹೊತ್ತ ತರುಣ ತರುಣಿಯರು ಕಾಣುವರು. ರಾಯಚೂರು, ಕಲಬುರಗಿ, ಬೆಳಗಾವಿ, ಚಾಮರಾಜನಗರಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಓದಬೇಕೆಂಬುದು ಏಕೀಕರಣಕ್ಕಾಗಿ ದುಡಿದ ಹಿರಿಯರ ಹಂಬಲವಾಗಿದ್ದಿತು. ಆ ಹಂಬಲವು ಇಂದು ಈ ಹೆದ್ದಾರಿಯ ಆಸುಪಾಸಿನಲ್ಲಿ ಕೈಗೂಡಿದೆ. ಆದರೆ ಹೀಗೆ ಒಂದುಗೂಡಿದ ಮಕ್ಕಳಿಗೆ ತಮ್ಮ ಕಾಲೇಜಿನಲ್ಲಿ ತಮ್ಮ ಪರವಾಗಿ ಮಾತನಾಡಲು ಒಬ್ಬನನ್ನು ಆರಿಸಿ ಕಳುಹಿಸುವ ಹಕ್ಕು ಇದೆಯೇ? ಬಹುಪಾಲು ಕಾಲೇಜುಗಳಲ್ಲಿ ಇಲ್ಲ.

ಇದರ ಚರಿತ್ರೆಯು ವಿಚಿತ್ರವಾಗಿದೆ. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರ ಮಾರ್ಚಿನಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚು ಕಡಮೆ ಅದೇ ಕಾಲಕ್ಕೆ, ಅಂದರೆ 1989-90ರ ಸುಮಾರಿಗೆ, ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆಗಳು ನಿಷಿದ್ಧವಾದುವು. ದೇಶದ ಲೋಕಸಭೆಗೆ ಸದಸ್ಯನನ್ನು ಆರಿಸಬಲ್ಲ ತರುಣನು ತನ್ನ ವಿದ್ಯಾರ್ಥಿನಿಲಯದ ಅಡಿಗೆಮನೆಯ ಲೆಕ್ಕ ಕೇಳಲು ಪ್ರತಿನಿಧಿಯನ್ನು ಆರಿಸಲಾರ! ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತಾಯಿತು.

ಉಪಮುಖ್ಯಮಂತ್ರಿ ಶ್ರೀ ಡಿ. ಕೆ. ಶಿವಕುಮಾರರು 2025ರ ನವೆಂಬರಿನಲ್ಲಿ ಈ ಚುನಾವಣೆಗಳನ್ನು ಮರಳಿ ತರುವ ವಿಚಾರವನ್ನೆತ್ತಿದ ಮೇಲೆ ನಾಡಿನಲ್ಲಿ ಚರ್ಚೆ ಎದ್ದಿತು. ವಿದ್ಯಾರ್ಥಿ ಸಂಘಗಳಲ್ಲಿ ಹಲವು ಇದನ್ನು ಬಹುಕಾಲದಿಂದ ಕೇಳುತ್ತಲೇ ಬಂದಿವೆ. ತಂದೆತಾಯಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ಅನೇಕರು ಅಂಜುತ್ತಾರೆ. ಈ ಅಂಜಿಕೆಯನ್ನು ನಾವು ಹಗುರಾಗಿ ಕಾಣಲಾರೆವು. ಗುಂಪುಗಾರಿಕೆ, ಬಡಿದಾಟ, ಹೊರಗಿನವರ ಹಣ, ಜಾತಿಯ ಲೆಕ್ಕಾಚಾರ ಇವೆಲ್ಲವೂ ಹಿಂದಿನ ಚುನಾವಣೆಗಳಲ್ಲಿ ನುಸುಳಿದ್ದುವು. ಎರ್ನಾಕುಲದ ಮಹಾರಾಜಾಸ್ ಕಾಲೇಜಿನಲ್ಲಿ 2018ರಲ್ಲಿ ವಿದ್ಯಾರ್ಥಿಯೊಬ್ಬನು ಇರಿತಕ್ಕೆ ಬಲಿಯಾದುದನ್ನು ಯಾರೂ ಮರೆಯತಕ್ಕುದಲ್ಲ. ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದು ಯಾವ ವೈದ್ಯಶಾಸ್ತ್ರ? ತಪ್ಪು ಮಾಡಿದವನನ್ನು ಶಿಕ್ಷಿಸುವುದು ನ್ಯಾಯ. ತಪ್ಪಾದೀತೆಂದು ಎಲ್ಲರ ಬಾಯಿಗೂ ಬೀಗ ಹಾಕುವುದು ನ್ಯಾಯವಲ್ಲ.

ಮೇಲಾಗಿ, ಆ ಬೀಗವು ಫಲವನ್ನಾದರೂ ಕೊಟ್ಟಿತೇ? ಮೂರೂವರೆ ದಶಕಗಳಲ್ಲಿ ಕಾಲೇಜಿನಿಂದ ಹೊರಗೆ ಹೋದುದು ಚುನಾವಣೆಯೇ ಹೊರತು ರಾಜಕೀಯವಲ್ಲ. ಪಕ್ಷಗಳ ನೆರಳಿನ ಸಂಘಗಳು ಸದಸ್ಯರನ್ನು ಸೇರಿಸುತ್ತಲೇ ಇವೆ, ಕರಪತ್ರ ಹಂಚುತ್ತಲೇ ಇವೆ, ಮೆರವಣಿಗೆ ಹೊರಡಿಸುತ್ತಲೇ ಇವೆ. 2022ರ ಫೆಬ್ರವರಿಯಲ್ಲಿ ಹಿಜಾಬು ಮತ್ತು ಕೇಸರಿ ಶಾಲುಗಳ ವಿವಾದವು ಉಡುಪಿಯಿಂದ ಹಬ್ಬಿ, ಸರಕಾರವು ರಾಜ್ಯದ ಪ್ರೌಢಶಾಲೆ ಕಾಲೇಜುಗಳನ್ನು ಮೂರು ದಿನ ಮುಚ್ಚಬೇಕಾಯಿತು. ಆಗ ಚುನಾವಣೆಯಿದ್ದಿತೇ? ಇರಲಿಲ್ಲ. ಎಲ್ಲರ ಪರವಾಗಿ ಕುಳಿತು ಮಾತನಾಡಬಲ್ಲ, ಎಲ್ಲರೂ ಆರಿಸಿದ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ. ಗದ್ದಲವಿದ್ದಿತು, ಪ್ರತಿನಿಧಿಯಿರಲಿಲ್ಲ. ಉತ್ತರವಾದಿತ್ವವಿಲ್ಲದ ರಾಜಕೀಯವೇ ಎಲ್ಲಕ್ಕಿಂತ ಅಪಾಯಕರವಾದುದು.

ವಿದ್ಯಾರ್ಥಿಯು ಓದಲಿ, ರಾಜಕೀಯವು ಅವನಿಗೇಕೆಂದು ಕೇಳುವವರಿಗೆ ನಮ್ಮ ನಾಡಿನ ಚರಿತ್ರೆಯೇ ಉತ್ತರ ಹೇಳುತ್ತದೆ. ಎಚ್. ನರಸಿಂಹಯ್ಯನವರು 1942ರ ಚಳುವಳಿಯಲ್ಲಿ ಸೆಂಟ್ರಲ್ ಕಾಲೇಜಿನ ಓದನ್ನು ಬಿಟ್ಟು ಸೆರೆಮನೆ ಕಂಡರು. ಅವರ ವಿದ್ಯೆ ಅದರಿಂದ ಕೆಟ್ಟಿತೇ? ಮರಳಿ ಬಂದು ಭೌತಶಾಸ್ತ್ರವನ್ನು ಓದಿ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳೂ ಆದರು. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ನಡೆದ ಮೈಸೂರು ಚಲೋ ಚಳುವಳಿಯಲ್ಲಿ ಗುಂಡಿಗೆ ಎದೆಯೊಡ್ಡಿದ ರಾಮಸ್ವಾಮಿಯು ವಿದ್ಯಾರ್ಥಿಯೇ ಆಗಿದ್ದನು. ಮೈಸೂರಿನ ಒಂದು ವೃತ್ತವು ಇಂದಿಗೂ ಆತನ ಹೆಸರನ್ನು ಹೊತ್ತು ನಿಂತಿದೆ. ಯಾರ ಬಲಿದಾನದಿಂದ ನಮಗೆ ಮತಾಧಿಕಾರವು ಬಂದಿತೋ ಅವರ ಮೊಮ್ಮಕ್ಕಳಿಗೆ ಮತದ ಅಭ್ಯಾಸವು ಬೇಡವೆನ್ನುವುದು ಕೃತಜ್ಞತೆಯ ಲಕ್ಷಣವಲ್ಲ.

ಇನ್ನೊಂದು ಸಂಗತಿಯು ನಮ್ಮ ಮನಸ್ಸನ್ನು ವಿಶೇಷವಾಗಿ ಚುಚ್ಚುತ್ತದೆ. 1956ರಲ್ಲಿ ನಮ್ಮಿಂದ ಬೇರೆಯಾಗಿ ಕೇರಳಕ್ಕೆ ಸೇರಿದ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಓದುವ ವಿದ್ಯಾರ್ಥಿಯು ತನ್ನ ಕಾಲೇಜಿನ ಯೂನಿಯನ್ನಿಗೆ ಮತ ಹಾಕಬಲ್ಲನು. ಕನ್ನಡಿಗರ ರಾಜಧಾನಿಯಲ್ಲಿ ಓದುವ ಅವನ ತಮ್ಮನು ಹಾಕಲಾರನು. ಗಡಿಯಾಚೆಯ ಕನ್ನಡಿಗನಿಗೆ ಇಲ್ಲದುದನ್ನು ನಾವು ಎಣಿಸುತ್ತಾ ಬಂದಿದ್ದೇವೆ. ಅವನಿಗಿದ್ದು ನಮಗಿಲ್ಲದುದನ್ನೂ ಒಮ್ಮೆ ಎಣಿಸಬೇಡವೇ?

ಹಾಗೆಂದು ಹಳೆಯ ಗೊಂದಲವನ್ನೇ ಮರಳಿ ಕರೆಯಿರೆಂದು ನಾವು ಹೇಳುತ್ತಿಲ್ಲ. ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿ ಜಾರಿಗೆ ತರಲು ಆಜ್ಞಾಪಿಸಿತು. ಅಭ್ಯರ್ಥಿಯ ವೆಚ್ಚವು 5,000 ರೂಪಾಯಿ ಮೀರಕೂಡದು; ಅಚ್ಚು ಹಾಕಿಸಿದ ಭಿತ್ತಿಪತ್ರ ಕೂಡದು, ಕೈಯಿಂದ ಬರೆದುದೇ ಆಗಬೇಕು; ರಾಜಕೀಯ ಪಕ್ಷದ ಹಣವನ್ನು ಮುಟ್ಟಕೂಡದು; ತರಗತಿಯ ಹಾಜರಿಯು ಸಾಕಷ್ಟಿರಬೇಕು; ಪ್ರಚಾರ ಸಹಿತವಾಗಿ ಎಲ್ಲವೂ ಹತ್ತು ದಿನಗಳೊಳಗೆ ಮುಗಿಯಬೇಕು. ಮದ್ದು ಕೈಯಲ್ಲಿದೆ, ಕುಡಿಸುವ ಧೈರ್ಯವು ಬೇಕಾಗಿದೆ. ಪಕ್ಷಗಳ ಹಿರಿಯರೂ ಒಂದು ಮಾತು ನಡೆಸಿಕೊಡಬೇಕು: ಕಾಲೇಜಿನ ಬಾಗಿಲಿಗೆ ತಮ್ಮ ಹಣದ ಚೀಲವನ್ನೂ ಬಾಡಿಗೆಯ ತೋಳನ್ನೂ ಕಳುಹಿಸಬಾರದು. ಈ ಷರತ್ತುಗಳಿಲ್ಲದ ಚುನಾವಣೆಗೆ ನಮ್ಮ ಬೆಂಬಲವಿಲ್ಲ.

ಸಿಂಗಸಂದ್ರಕ್ಕೇ ಮರಳೋಣ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ 2015ರಲ್ಲಿ ಚುನಾಯಿತವಾದ ಸಭೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಬಳಿಕ ಐದು ವರ್ಷಗಳಿಗೂ ಮಿಕ್ಕಿ ಆ ಊರಿಗೆ, ಬೆಂಗಳೂರಿನ ಯಾವ ಬಡಾವಣೆಗೂ, ಜನರು ಆರಿಸಿದ ಪಾಲಿಕೆಯ ಸದಸ್ಯನಿರಲಿಲ್ಲ. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ನಗರಪಾಲಿಕೆಗಳಾದುವು. ಚರಂಡಿಯನ್ನೂ ಕೆರೆಯನ್ನೂ ಅಧಿಕಾರಿಗಳೇ ನೋಡಿಕೊಂಡರು. ಕೆಲವರು ಕೋರ್ಟಿನ ಮೆಟ್ಟಿಲೇರಿದರು, ಆದರೆ ನಗರವು ಎದ್ದು ನಿಂತು ಕೇಳಲಿಲ್ಲ. ಇದು ಆಶ್ಚರ್ಯವೇ? ಹದಿನೆಂಟರಲ್ಲಿ ಪ್ರತಿನಿಧಿಯಿಲ್ಲದೆ ಬಾಳಲು ಕಲಿತವರು ಮೂವತ್ತೈದರಲ್ಲಿ ಅವನ ಅಭಾವವನ್ನು ಹೇಗೆ ಕಂಡಾರು? ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೇ?

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ಸರಕಾರದ ಆಜ್ಞೆಗಾಗಿ ಕಾಯಬೇಡಿರಿ. ಶಾಲೆಯ ತರಗತಿಯ ನಾಯಕನನ್ನು ಈ ವರ್ಷ ನೀವೇ ನೇಮಿಸದೆ ಮಕ್ಕಳಿಂದ ಗುಪ್ತಮತದಿಂದ ಆರಿಸಿರಿ. ಸೋತವನು ಗೆದ್ದವನ ಕೈ ಕುಲುಕುವುದನ್ನೂ, ಗೆದ್ದವನು ಸೋತವನಿಗೆ ಲೆಕ್ಕ ಒಪ್ಪಿಸುವುದನ್ನೂ ಕಲಿಸಿರಿ. ಆ ಮಕ್ಕಳು ಕಾಲೇಜಿಗೆ ಹೋಗುವ ಹೊತ್ತಿಗೆ ಅಲ್ಲಿ ಮತಪೆಟ್ಟಿಗೆಯನ್ನಿರಿಸುವ ಹೊಣೆಯು ಸರಕಾರದ್ದು. ಅದನ್ನು ಕೇಳಿ ಪಡೆಯುವ ಹೊಣೆಯು ನಮ್ಮೆಲ್ಲರದು.