ಪದರಗಳ ಲೆಕ್ಕ

ರೇಡಿಯೊ, ದೂರವಾಣಿ, ಕಂಪ್ಯೂಟರು ಮೊದಲಾದವುಗಳ ಒಡಲಿನಲ್ಲಿರುವ ಹಸುರು ಸರ್ಕ್ಯೂಟ್ ಬೋರ್ಡನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ, ಅದು ಒಂದೇ ಹಲಗೆಯಲ್ಲ, ಚಿರೋಟಿಯಂತೆ ಪದರು ಪದರಾದ ವಸ್ತುವೆಂಬುದು ಕಂಡುಬರುತ್ತದೆ. ನಾಲ್ಕು ಪದರದ ಬೋರ್ಡಿನಲ್ಲಿ ತಾಮ್ರದ ಹಾಳೆಗಳು ನಾಲ್ಕು. ಅವುಗಳ ನಡುವೆ ಗಾಜಿನ ನಾರು ಮತ್ತು ಎಪಾಕ್ಸಿ ರಾಳದಿಂದಾದ ನಿರೋಧಕ ಪದರಗಳು ಮೂರು. ಮೇಲೂ ಕೆಳಗೂ ತೆಳುವಾದ ಹಸುರು ಲೇಪ.

ಇಂದು ಇವೆಲ್ಲದರ ದಪ್ಪವನ್ನು ಕಂಪ್ಯೂಟರಿನ ತೆರೆಯ ಮೇಲೆಯೇ ಬರೆದಿಡುತ್ತಾರೆ. ಫ್ರಾನ್ಸಿನ ಜೀನ್-ಪಿಯೆರ್ ಶಾರಾಸ್ ಅವರು 1992ರಲ್ಲಿ ಆರಂಭಿಸಿದ, ಯಾರು ಬೇಕಾದರೂ ಬೆಲೆ ತೆರದೆ ಬಳಸಬಹುದಾದ ‘ಕಿಕ್ಯಾಡ್’ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಕೋಷ್ಟಕವಿದೆ. ಪದರವೊಂದಕ್ಕೆ ಒಂದು ಸಾಲು. ತೊಡಕು ಹುಟ್ಟುವುದೂ ಇಲ್ಲಿಯೇ.

ಮೊದಲನೆಯದು ಮೊತ್ತದ ತೊಡಕು. ತಾಮ್ರದ ಹಾಳೆ ಒಂದೊಂದು 0.035 ಮಿಲಿಮೀಟರಿನಂತೆ ನಾಲ್ಕಕ್ಕೆ 0.14, ಲೇಪವೆರಡಕ್ಕೆ 0.02, ಹೊರಬದಿಯ ನಿರೋಧಕಗಳು 0.1ರಂತೆ ಎರಡು, ನಡುವಿನದು 1.24. ಒಟ್ಟು ಸರಿಯಾಗಿ 1.6. ಹೊರಬದಿಯವನ್ನು 0.2 ಎಂದು ತಿದ್ದಿದೊಡನೆ ಮೊತ್ತ 1.8ಕ್ಕೆ ಏರುತ್ತದೆ. ನಡುವಿನದನ್ನು 1.04ಕ್ಕೆ ಇಳಿಸಿದರೆ ಲೆಕ್ಕ ಮತ್ತೆ ಕೂಡಿಬರುತ್ತದೆ.

ಎರಡನೆಯದು ಅಳತೆಯ ಮಾನದ್ದು. ಒಂದು ಔನ್ಸ್ ತಾಮ್ರವನ್ನು ಒಂದು ಚದರಡಿಯ ಮೇಲೆ ಸಮನಾಗಿ ಹರಡಿದಾಗ ಬರುವ ದಪ್ಪವೇ ಸುಮಾರು 35 ಮೈಕ್ರಾನ್, ಅಂದರೆ 0.035 ಮಿಲಿಮೀಟರು. ಒಂದು ಸೊನ್ನೆ ಬಿಟ್ಟುಹೋದರೆ ತಾಮ್ರ ಹತ್ತುಪಟ್ಟು ದಪ್ಪವಾಗುತ್ತದೆ. ಅಂಗುಲದ ಸಾವಿರದಲ್ಲೊಂದು ಭಾಗವಾದ ‘ಮಿಲ್’ 0.0254 ಮಿಲಿಮೀಟರಿಗೆ ಸಮ. ಇವೆರಡನ್ನು ಕಲಸಿದವರ ಲೆಕ್ಕ ಕೈಗೆ ಹತ್ತುವುದಿಲ್ಲ.

ಇವೆರಡೂ ಕಣ್ಣಿಗೆ ಬೀಳುವ ತಪ್ಪುಗಳು. ಮೂರನೆಯದು ಅಡಗಿ ಕುಳಿತಿರುವಂಥದು: ಮೊತ್ತ ಸರಿಯಾಗಿದ್ದು ಹಂಚಿಕೆ ತಪ್ಪಾಗಿರುವುದು. ವೇಗದ ಸಂಕೇತವನ್ನೊಯ್ಯುವ ತಾಮ್ರದ ಗೆರೆಯ ಇಂಪೀಡೆನ್ಸ್, ಗೆರೆಯ ಅಗಲವನ್ನೂ ಅದರ ಕೆಳಗಿನ ನಿರೋಧಕದ ದಪ್ಪವನ್ನೂ ಅವಲಂಬಿಸಿದೆ. ನಿರೋಧಕ 0.1 ಮಿಲಿಮೀಟರೆಂದು ನಂಬಿ, 50 ಓಮಿಗಾಗಿ ಸುಮಾರು 0.17 ಮಿಲಿಮೀಟರು ಅಗಲದ ಗೆರೆ ಎಳೆದಿರುತ್ತಾರೆ. ಕಾರ್ಖಾನೆ ಅದೇ 1.6ರ ಬೋರ್ಡನ್ನು 0.2ರ ಪದರದಿಂದ ಕಟ್ಟಿದರೆ ಆ ಗೆರೆ 70 ಓಮಿನ ಆಸುಪಾಸಿಗೆ ಏರುತ್ತದೆ. ಸಂಕೇತದ ಒಂದಂಶ ದಾರಿಯಲ್ಲೇ ಹಿಂತಿರುಗುತ್ತದೆ. ಹೊರಗಿನಿಂದ ಬೋರ್ಡಿನಲ್ಲಿ ಕುಂದೇನೂ ಕಾಣದು. ತಂತ್ರಾಂಶದ ಪರೀಕ್ಷೆಯೂ ಚಕಾರವೆತ್ತಿರುವುದಿಲ್ಲ. ತೆತ್ತ ಹಣ, ಕಾದ ವಾರಗಳು ಮಾತ್ರ ವ್ಯರ್ಥ.

ಇದಕ್ಕೆ ಕಾರಣವುಂಟು. ಕಾರ್ಖಾನೆಗೆ ಹೋಗುವ ಸಾಮಾನ್ಯ ಗರ್ಬರ್ ಕಡತಗಳಲ್ಲಿ ಒಂದೊಂದು ಪದರದ ಚಿತ್ರವಿರುತ್ತದೆಯೇ ಹೊರತು ಅದರ ದಪ್ಪವಿರುವುದಿಲ್ಲ. ಬೇರೆಯಾಗಿ ತಿಳಿಸದಿದ್ದರೆ ಕೋಷ್ಟಕದ ಅಂಕಿ ತೆರೆಯ ಮೇಲೆಯೇ ಉಳಿಯುತ್ತದೆ. ಕನ್ನಡಿಯೊಳಗಿನ ಗಂಟಿನಂತೆ, ಕಾಣುತ್ತದೆ, ಕೈಗೆ ಬಾರದು. ಇದರ ಜೊತೆಗೆ ‘ಪ್ರಿಪ್ರೆಗ್’ ಎಂಬ ಅರೆಬೆಂದ ರಾಳದ ಹಾಳೆ, ಕಾವು ಮತ್ತು ಒತ್ತಡಕ್ಕೆ ಸಿಕ್ಕಾಗ ತಾಮ್ರದ ಸಂದುಗಳಿಗೆ ಹರಿದು ತೆಳುವಾಗುತ್ತದೆ. ಆದುದರಿಂದ ಕೋಷ್ಟಕಕ್ಕೆ ಬೇಕಾದುದು ಒತ್ತಿದ ಬಳಿಕ ಉಳಿಯುವ ದಪ್ಪ.

ಪರಿಹಾರ ಕಷ್ಟವಾದುದಲ್ಲ, ಕ್ರಮವನ್ನು ತಿರುಗಿಸಿದರೆ ಸಾಕು. ಚಿತ್ರ ಬರೆದು ಮುಗಿಸಿ ಕಾರ್ಖಾನೆಯನ್ನು ಹುಡುಕುವ ಬದಲು, ಮೊದಲು ಕಾರ್ಖಾನೆಯವರ ಪದರಪಟ್ಟಿಯನ್ನು ತರಿಸಿಕೊಳ್ಳಬೇಕು. ಅದರ ಅಂಕಿಗಳನ್ನು ಸಾಲು ಸಾಲಾಗಿ ಕೋಷ್ಟಕಕ್ಕಿಳಿಸಿ, ಮೊತ್ತ ತಾಳೆ ನೋಡಿ, ಆ ಮೇಲೆ ಗೆರೆಗಳ ಅಗಲವನ್ನು ಗೊತ್ತುಮಾಡಬೇಕು. ಬೋರ್ಡನ್ನು ಮಾಡಲು ಕೊಡುವಾಗ ಅದೇ ಪಟ್ಟಿಯನ್ನು ಜೊತೆಗಿಟ್ಟು, ಅದರಂತೆಯೇ ಆಗಬೇಕೆಂದು ಬರೆದು ತಿಳಿಸಬೇಕು. ಯಂತ್ರ ಕೂಡಿಸಿ ಕೊಡುತ್ತದೆ. ಕೂಡಿಸಿದ ಅಂಕಿ ನಿಜವೇ ಎಂದು ಕೇಳುವ ಕೆಲಸ ಮನುಷ್ಯನದೇ.