ಮಾವನಿಗೆ ಎಪ್ಪತ್ತು ತುಂಬುವುದು ಯಾವಾಗ?

ಈ ವಾರದ ಎರಡು ದಿನ ಒಂದು ಕಾರ್ಡಿನ ಬೆನ್ನು ಹತ್ತಿ ಹಾಳಾದವು. ಖಾನಾಪುರ ತಾಲೂಕಿನ ಹಳ್ಳಿಯಿಂದ ಸೋದರಮಾವನನ್ನು ಬೆಳಗಾವಿಗೆ ಕರೆತಂದು ಎಪ್ಪತ್ತು ತುಂಬಿದವರ ಉಚಿತ ಚಿಕಿತ್ಸೆಗೆಂದು ಇರುವ ಆಯುಷ್ಮಾನ್ ವಯ ವಂದನಾ ಕಾರ್ಡು ಮಾಡಿಸಲು ಹೋಗಿದ್ದೆ. ಕಂಪ್ಯೂಟರಿನ ಮುಂದಿದ್ದ ಹುಡುಗ ಆಧಾರ್ ನಂಬರು ಒತ್ತಿ, ತಲೆಯನ್ನೂ ಎತ್ತದೆ ಹೇಳಿದ: ‘ಅಜ್ಜಾರಿಗೆ ಇನ್ನೂ ಎಪ್ಪತ್ತ ಆಗಿಲ್ರಿ. ಆದಮ್ಯಾಲೆ ಬರ್ರಿ.’

ಮಾವನ ಆಧಾರ್ ಪ್ರಕಾರ ಜನ್ಮದಿನ 1-1-1957. ಈ ಜನವರಿ ಒಂದರ ಬಗ್ಗೆ ನಾನು ಎಷ್ಟು ಸಲ ಬರೆದಿದ್ದೇನೋ! ನಮ್ಮ ತಲೆಮಾರನ್ನು ಮಾಸ್ತರರು ಜೂನ್ ಒಂದಕ್ಕೆ ಹುಟ್ಟಿಸಿದರು, ನಮ್ಮ ಹಿರಿಯರನ್ನು ಆಧಾರ್‌ನವರು ಜನವರಿ ಒಂದಕ್ಕೆ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುತ್ತಾರೆ. ಇವರು ಅಷ್ಟೂ ನೋಡಲಿಲ್ಲ.

ಮಾವ ಮಾತ್ರ ಬಿಡಲಿಲ್ಲ. ‘ನಾ ಸಾಲಿಗೆ ಹೊಂಟಾಗ ನಮ್ಮೂರು ಮುಂಬೈ ರಾಜ್ಯದಾಗ ಇತ್ತು’ ಎಂದ. ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಆಧಾರ್ ನಂಬುವುದಾದರೆ ಮಾವ ಹುಟ್ಟುವುದಕ್ಕೆ ಮೊದಲೇ ಪಾಟಿ ಹಿಡಿದಿದ್ದ. ತಿದ್ದಿಸೋಣವೆಂದರೆ ಜನ್ಮದಿನದ ದಾಖಲೆ ಬೇಕು, ಶಾಲೆಯ ರಿಜಿಸ್ಟರು ಗೆದ್ದಲಿಗೆ ಎಂದೋ ಸಂದಿದೆ.

‘ಯಾವಾಗ ಮಾಡಸೋದ್ರಿ?’ ಎಂದು ಕೇಳುವವರಿಗೆ ನನ್ನ ಉತ್ತರ: ಆಧಾರ್‌ಗೆ ಎಪ್ಪತ್ತು ತುಂಬಿದ ಮರುದಿನ. 2024ರ ಅಕ್ಟೋಬರ್ 29ರಂದು ಶುರುವಾದ ಈ ಯೋಜನೆಗೆ ಆದಾಯದ ಮಿತಿಯಿಲ್ಲ, ಕಂತಿಲ್ಲ, ಹಳೆಯ ಬಿಪಿ-ಶುಗರಿಗೆ ಕಾಯುವ ಅವಧಿಯೂ ಇಲ್ಲ. ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಸಹಕಾರಿ ಸದಸ್ಯರ ಯಶಸ್ವಿನಿ ಆರೋಗ್ಯ ಯೋಜನೆಗಾದರೆ ಸೊಸೈಟಿಯಲ್ಲಿ ಹೆಸರು ಬರೆಸಲು ಗಡುವಿರುತ್ತದೆ. ಇಲ್ಲಿ ಅದೂ ಇಲ್ಲ. ಎದೆ ಹಿಡಿದುಕೊಂಡ ಮೇಲೆ ಓಟಿಪಿ ಹುಡುಕುವುದು ಯುದ್ಧಕಾಲದ ಶಸ್ತ್ರಾಭ್ಯಾಸ. (ನೀವು ಹೋಗುವ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಅದು ಬೇರೆಯದೇ ರಾಮಾಯಣ.) ಬಿಪಿಎಲ್ ಮನೆಯವರಿಗೆ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯಾದರೂ ಇದೆ. ಮಾವನದು ಎಪಿಎಲ್ ಕಾರ್ಡು. ಅದರಲ್ಲಿ ಚಿಕಿತ್ಸೆಯ ಖರ್ಚಿಗೆ ಸರ್ಕಾರ ಕೊಡುವುದು ನೂರಕ್ಕೆ ಮೂವತ್ತು, ಉಳಿದ ಎಪ್ಪತ್ತು ಅವನದೇ. ಅಲ್ಲಿ ಮಾತ್ರ ಎಪ್ಪತ್ತು ಸಲೀಸಾಗಿ ಸಿಗುತ್ತದೆ!

ಕಾರ್ಡಿನ ಮಾತು ಬಂದಾಗ 2024ರ ಜನವರಿಯ ಗದ್ದಲ ನೆನಪಾಗುತ್ತದೆ. ಮಹಾರಾಷ್ಟ್ರ ತನ್ನ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ತನ್ನವೆಂದು ಹೇಳಿಕೊಳ್ಳುವ ನಮ್ಮ ಗಡಿಯ 865 ಊರುಗಳಿಗೆ ಹಬ್ಬಿಸಲು ಹೊರಟಿತ್ತು. ನಾವು ರೊಚ್ಚಿಗೆದ್ದೆವು, ಸರಿಯೇ. ನಾನೂ ಕೂಗಾಡಿದ್ದೆ. ಅವರ ಕಾರ್ಡು ಬೇಡವೆಂದ ಊರುಗಳಲ್ಲಿ ನಮ್ಮ ಕಾರ್ಡು ಎಷ್ಟು ಮುದುಕರ ಜೇಬಿನಲ್ಲಿದೆ ಎಂದು ಕೇಳಲು ಮಾತ್ರ ಮರೆತೆ.

ಸಂಜೆ ಖಾನಾಪುರದ ಬಸ್ಸು ಹತ್ತಿಸಿದೆ. ಕಿಟಕಿಯಿಂದ ಮಾವ ಹೇಳಿದ: ‘ನಮ್ಮೂರು ಯಾವ ರಾಜ್ಯದ್ದಂತ 2004ರಿಂದ ಸುಪ್ರೀಂ ಕೋರ್ಟಿನ್ಯಾಗ ಕೇಸ್ ಐತಿ, ಇನ್ನೂ ಮುಗಿದಿಲ್ಲ. ನನ್ನ ವಯಸ್ಸಿಂದು ಆ ಹುಡುಗ ಒಂದ ನಿಮಿಷದಾಗ ತೀರ್ಪ ಕೊಟ್ಟ ನೋಡಪಾ.’